ಭಾರದ ಮಿಷನ್ನು ಯಾರ ಪಾಲಿಗೆ?

ಹೆಣ್ಣುಮಕ್ಕಳನ್ನು ಉದ್ಧಾರ ಮಾಡಬೇಕೆಂದು ಯಾರಿಗಾದರೂ ಮನಸ್ಸಾದರೆ ಸಾಕು, ಮೊದಲು ಹೊರಡುವ ಮಾತು ಹೊಲಿಗೆ ಮಿಷನ್ನು. ಸರ್ಕಾರದವರಿಗೂ ಅದೇ, ಸಂಘ ಸಂಸ್ಥೆಯವರಿಗೂ ಅದೇ, ಚುನಾವಣೆ ಹತ್ತಿರ ಬಂದ ನಾಯಕರಿಗಂತೂ ಅದೇ. ಶಾಮಿಯಾನ ಹಾಕಿ, ಸಾಲಾಗಿ ಮಿಷನ್ನುಗಳನ್ನಿಟ್ಟು, ಒಂದೊಂದಕ್ಕೂ ಸೇವಂತಿಗೆ ಹೂ ಮುಡಿಸಿ, ಪಕ್ಕದಲ್ಲಿ ಒಬ್ಬೊಬ್ಬ ಹೆಂಗಸನ್ನು ನಿಲ್ಲಿಸಿ ಫೋಟೋ ತೆಗೆಸಿದರೆ ಮಹಿಳೆಯರ ಏಳಿಗೆ ಆಗಿಹೋಯಿತು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಕಡೆಯ ಊರುಗಳಲ್ಲಿ ಇಂಥ ಸಮಾರಂಭವನ್ನು ಒಮ್ಮೆಯಾದರೂ ನೋಡದ ಹೆಂಗಸು ಸಿಕ್ಕುವುದು ಕಷ್ಟ.

ಕೊಡುವವರ ಮನಸ್ಸಿನ ಬಗ್ಗೆ ನನ್ನ ತಕರಾರಿಲ್ಲ. ಕೊಡುವ ಮಿಷನ್ನಿನ ಬಗ್ಗೆ ಇದೆ. ಎಲ್ಲಿ ನೋಡಿದರೂ ಒಂದೇ ಜಾತಿಯ ಮಿಷನ್ನು: ರವಿಕೆ, ಲಂಗ, ಚೂಡಿದಾರ ಹೊಲಿಯುವ ಮನೆಬಳಕೆಯ ಮಿಷನ್ನು. ಒಂದು ಬೀದಿಯಲ್ಲಿ ಹತ್ತು ಮನೆಗೆ ಅದೇ ಮಿಷನ್ನು ಕೊಟ್ಟರೆ ಆಗುವುದೇನು? ಹತ್ತು ಮನೆಯ ಬಾಗಿಲಲ್ಲೂ ‘ಇಲ್ಲಿ ಬ್ಲೌಸ್ ಹೊಲಿದು ಕೊಡಲಾಗುವುದು’ ಎಂಬ ಬೋರ್ಡು. ಹೊಲಿಸುವವರು ಮಾತ್ರ ಮೊದಲಿದ್ದಷ್ಟೇ ಜನ. ಒಬ್ಬಾಕೆ ಇಪ್ಪತ್ತು ರೂಪಾಯಿ ಇಳಿಸಿದರೆ ಪಕ್ಕದಾಕೆ ಮೂವತ್ತು ಇಳಿಸುತ್ತಾಳೆ. ಕೊನೆಗೆ ಗೌರಿ ಹಬ್ಬಕ್ಕೂ ಮದುವೆ ಕಾಲಕ್ಕೂ ಮಾತ್ರ ತಿರುಗಿ, ಉಳಿದ ದಿನ ಮುಚ್ಚಳ ಹಾಕಿಕೊಂಡು ಟಿ.ವಿ. ಇಡುವ ಮೇಜಾಗುತ್ತದೆ ಆ ಮಿಷನ್ನು.

ಅದೇ ಬೀದಿಯಲ್ಲಿ ಹರಿದುಹೋಗಿ ಹೊಲಿಯುವವರಿಲ್ಲದೆ ಬಿದ್ದಿರುವ ವಸ್ತುಗಳನ್ನು ಎಣಿಸಿ ನೋಡಿ. ಬೈಕಿನ ಸೀಟು, ಆಟೋದ ಹುಡ್ಡು, ಟ್ರ್ಯಾಕ್ಟರಿನ ಸೀಟು, ಹೊಗೆಸೊಪ್ಪು ಮುಚ್ಚುವ ಟಾರ್ಪಾಲು, ಎತ್ತಿನ ಕೊರಳಪಟ್ಟಿ, ಗಂಡಸರ ಬೆಲ್ಟು, ನಮ್ಮ ವ್ಯಾನಿಟಿ ಬ್ಯಾಗು. ಎಲ್ಲಕ್ಕಿಂತ ಹೆಚ್ಚಾಗಿ ಶಾಲೆಯ ಮಕ್ಕಳ ಬ್ಯಾಗು. ಪಾಠ ಹೇಳುವ ಕಸುಬಿನಲ್ಲಿ ಇಷ್ಟು ವರ್ಷ ಕಳೆದ ಮೇಲೆ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ: ಮಕ್ಕಳ ಬ್ಯಾಗು ಕಿತ್ತುಹೋಗುವುದು ಸಾಮಾನ್ಯವಾಗಿ ಒಂದೇ ಜಾಗದಲ್ಲಿ, ಹೆಗಲಪಟ್ಟಿ ಬೆನ್ನಿಗೆ ಸೇರುವಲ್ಲಿ. ಆಗಸ್ಟ್ ಹೊತ್ತಿಗೆ ತರಗತಿಯ ಅರ್ಧ ಬ್ಯಾಗುಗಳ ಪಟ್ಟಿಗೆ ಪಿನ್ನು, ದಾರ, ತಂತಿ. ಅದನ್ನು ರವಿಕೆ ಮಿಷನ್ನಿಗೆ ಕೊಟ್ಟರೆ ಸೂಜಿ ಮುರಿಯುತ್ತದೆ. ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಒಬ್ಬರೋ ಇಬ್ಬರೋ ಗಂಡಸರ ಮುಂದೆ ಸರತಿ ನಿಲ್ಲಬೇಕು, ಇಲ್ಲವೇ ಮೈಸೂರಿಗೆ ಹೋಗಬೇಕು, ಇಲ್ಲವೇ ಹೊಸ ಬ್ಯಾಗು ಕೊಳ್ಳಬೇಕು. ಕೆಲಸ ಇಲ್ಲಿದೆ, ಕೈ ಇಲ್ಲಿದೆ. ನಡುವೆ ಇಲ್ಲದಿರುವುದು ಒಂದು ಗಟ್ಟಿ ಮಿಷನ್ನು.

ಚರ್ಮ, ರೆಕ್ಸಿನ್, ಕ್ಯಾನ್ವಾಸ್ ಹೊಲಿಯುವ ಆ ಗಟ್ಟಿ ಮಿಷನ್ನನ್ನು ನಮ್ಮ ಹೆಣ್ಣುಮಕ್ಕಳ ಕೈಗೆ ಯಾರೂ ಏಕೆ ಕೊಡುವುದಿಲ್ಲ? ಕೇಳಿದರೆ ಮೂರು ಉತ್ತರ ಬರುತ್ತವೆ. ಚರ್ಮದ ಕೆಲಸ ನಮಗೆ ಬೇಡ. ಭಾರದ ಮಿಷನ್ನು ಹೆಂಗಸರಿಗೆ ಆಗದು. ಅದು ಬಹಳ ದುಬಾರಿ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲನೆಯದನ್ನು ಜನ ನೇರವಾಗಿ ಹೇಳುವುದಿಲ್ಲ, ಮೂಗಿನಲ್ಲಿ ಹೇಳುತ್ತಾರೆ. ‘ಚರ್ಮವೇ?’ ಎಂದು ಒಂದು ಸಲ ಮೂಗು ಮುರಿದರೆ ಅದರಲ್ಲಿ ಜಾತಿಯ ಪುರಾಣವೆಲ್ಲ ಬಂದುಬಿಡುತ್ತದೆ. ಮೂಗು ಮುರಿದವರ ಹೆಗಲ ಮೇಲೆ ಚರ್ಮದ ಬ್ಯಾಗು, ಕಾಲಲ್ಲಿ ಚರ್ಮದ ಚಪ್ಪಲಿ, ಯಜಮಾನರ ಸೊಂಟಕ್ಕೆ ಚರ್ಮದ ಬೆಲ್ಟು. ತೊಟ್ಟರೆ ಮಡಿ, ಹೊಲಿದರೆ ಮೈಲಿಗೆ! ಕಲ್ಯಾಣದ ಶರಣ ಸಮಗಾರ ಹರಳಯ್ಯನ ಕಥೆಯನ್ನು ಕೇಳಿ ಕಣ್ಣೀರು ಹಾಕುವವರು ನಾವು. ಬಸವಣ್ಣನಿಗಾಗಿ ಹರಳಯ್ಯ ತನ್ನ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದನೆಂಬುದು ಕಥೆ. ಆ ಜೋಡಿಗೆ ಅವನ ಹೆಂಡತಿ ಕಲ್ಯಾಣಮ್ಮನೂ ತನ್ನ ತೊಡೆಯ ಚರ್ಮ ಕೊಟ್ಟಳೆಂಬುದೂ ಅದೇ ಕಥೆಯಲ್ಲಿದೆ. ಕಥೆಯಲ್ಲಿ ಹೆಣ್ಣು ಚರ್ಮ ಕೊಡಬಹುದು. ಊರಿನಲ್ಲಿ ಹೆಣ್ಣು ಚರ್ಮ ಹೊಲಿದರೆ ಮಾತ್ರ ಕಸಿವಿಸಿಯೇ?

ಹಾಗೆ ನೋಡಿದರೆ ಹುಣಸೂರಿಗೆ ಚರ್ಮದ ಹೊಲಿಗೆ ಹೊಸ ವಿದ್ಯೆಯೇನಲ್ಲ. ಅಮೃತಮಹಲ್ ದನಗಳಿಗೆ ಹೆಸರಾಗಿದ್ದ ಈ ಊರಿನಲ್ಲಿ 19ನೆಯ ಶತಮಾನದಲ್ಲಿ ಬ್ರಿಟಿಷರ ಮದರಾಸು ಸೈನ್ಯದ ಸರಬರಾಜು ಇಲಾಖೆ ಚರ್ಮ ಹದ ಮಾಡುವ ಕಾರ್ಖಾನೆಯನ್ನೂ ಕಂಬಳಿ ಕಾರ್ಖಾನೆಯನ್ನೂ ಮರದ ಕೋಠಿಯನ್ನೂ ನಡೆಸುತ್ತಿತ್ತು. ಇಲಾಖೆ ಎತ್ತಂಗಡಿಯಾದ ಮೇಲೂ ಕಲಿತ ಕೈಗಳು ಸುಮ್ಮನಿರಲಿಲ್ಲ. ಹುಣಸೂರಿನಲ್ಲಿ ಬೂಟು, ಸಿಪಾಯಿಗಳ ಬೆನ್ನುಚೀಲ ತಯಾರಾಗುತ್ತಿದ್ದುದನ್ನು ಹಳೆಯ ಗೆಜೆಟಿಯರುಗಳು ಬರೆದಿಟ್ಟಿವೆ. ಸೈನ್ಯಕ್ಕೆ ಬೆನ್ನುಚೀಲ ಹೊಲಿದ ಊರಿನ ಮಕ್ಕಳು ಈಗ ತಂತಿ ಕಟ್ಟಿದ ಬ್ಯಾಗು ಹೊತ್ತು ಶಾಲೆಗೆ ಬರುತ್ತಿದ್ದಾರೆ! ಇದೇ ಹುಣಸೂರಿನಿಂದ ವಿಧಾನಸಭೆಗೆ ಹೋದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲೇ, 1976ರಲ್ಲಿ, ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಈಗಿನ ಲಿಡ್‌ಕರ್ ಅದೇ.

ಬೆಳಗಾವಿ ಜಿಲ್ಲೆಯ ಅಥಣಿಯ ಕಡೆ ನೋಡಿ. ಕೊಲ್ಹಾಪುರಿ ಎಂದು ನಾವು ಕರೆಯುವ ಚಪ್ಪಲಿಯ ಹೆಣಿಗೆ, ಕೈಹೊಲಿಗೆಯಂಥ ನಾಜೂಕಿನ ಕೆಲಸದಲ್ಲಿ ಹೆಂಗಸರ ಪಾಲು ದೊಡ್ಡದು. ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದವು. ‘ಟೋಹೋಲ್ಡ್’ ಎಂಬ ಹೆಸರಿನಲ್ಲಿ ಒಂದುಗೂಡಿದ ಅಥಣಿಯ ಹೆಣ್ಣುಮಕ್ಕಳು ತಮ್ಮ ಚಪ್ಪಲಿಗಳನ್ನು ಹೊರದೇಶಕ್ಕೂ ಕಳಿಸಿದರು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದಲ್ಲಿ ಅದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರು ಹೇಳದೆ ಮೆರೆಸಿ, ಟೀಕೆ ಬಂದ ಮೇಲೆ ಒಪ್ಪಿಕೊಂಡು, ವರ್ಷದ ಕೊನೆಗೆ ಎರಡೂ ರಾಜ್ಯಗಳ ಚರ್ಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಮಿಲಾನಿನವರಿಗೆ ಬೇಕಾದ ಕಸುಬು ನಮ್ಮ ಮೂಗಿಗೆ ಮಾತ್ರ ವಾಸನೆ!

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ತಲೆತಲಾಂತರದಿಂದ ಈ ಕಸುಬನ್ನು ಉಳಿಸಿಕೊಂಡು ಬಂದ ಮನೆಗಳ ಹೆಣ್ಣುಮಕ್ಕಳಿಗೇ ಮೊದಲು ಈ ಮಿಷನ್ನು ಸೇರಬೇಕು. ಚರ್ಮದ ಹದ, ಒರಟು, ಎಳೆತ ಅವರ ಬೆರಳಿಗೆ ಗೊತ್ತು. ಆದರೆ ಕಸುಬು ಅವರದೇ ಎಂದು ಗೋಡೆ ಕಟ್ಟಿದರೆ ಮೈಲಿಗೆಯ ಗೋಡೆ ಇನ್ನೊಂದು ಅಡಿ ಎತ್ತರವಾಗುತ್ತದೆ, ಅಷ್ಟೇ. ಎಲ್ಲ ಬೀದಿಯ ಹೆಂಗಸರೂ ಒಂದೇ ಮಿಷನ್ನಿನ ಮುಂದೆ ಕೂತು ಹೊಲಿಯುವುದು ಹತ್ತು ಭಾಷಣಕ್ಕಿಂತ ಹೆಚ್ಚಿನ ಪಾಠ.

ಎರಡನೆಯ ಉತ್ತರ: ಭಾರದ ಮಿಷನ್ನು ಹೆಂಗಸರಿಗೆ ಆಗದು. ಸೌದೆ ಹೊರೆ ತಲೆಯ ಮೇಲೆ, ನೀರಿನ ಕೊಡ ಸೊಂಟದ ಮೇಲೆ, ಹೊಗೆಸೊಪ್ಪಿನ ಕಂತೆ ಎರಡೂ ಕೈಯಲ್ಲಿ. ಇದಕ್ಕೆಲ್ಲ ಆಗುವ ಹೆಂಗಸು ಮಿಷನ್ನಿನ ಮುಂದೆ ಕೂರುವ ಹೊತ್ತಿಗೆ ಇದ್ದಕ್ಕಿದ್ದಂತೆ ಅಬಲೆಯಾಗಿಬಿಡುತ್ತಾಳೆ! ಅಂಥ ಮಿಷನ್ನಿನ ತಲೆಯೊಂದೇ ಸುಮಾರು 30 ಕಿಲೋ ತೂಗಬಹುದು, ನಿಜ. ಆದರೆ ಅದನ್ನು ಎತ್ತಿಕೊಂಡು ಹೊಲಿಯುವವರು ಯಾರು? ಬಸ್ಸನ್ನು ಡ್ರೈವರ್ ಹೊತ್ತುಕೊಂಡು ಓಡಿಸುತ್ತಾನೆಯೇ? ಮಿಷನ್ನು ಮೇಜಿನ ಮೇಲಿರುತ್ತದೆ, ಭಾರ ಎಳೆಯುವುದು ಮೋಟಾರು, ದಾರಿ ತೋರುವುದು ನಮ್ಮ ಕೈ.

ಇದರ ಹಿಂದೆ ಬೇರೆಯೇ ಒಂದು ಹಳೆಯ ಚಾಳಿ ಇದೆ. ಬೀಸುವ ಕಲ್ಲು ಇದ್ದಷ್ಟು ದಿನ ಬೀಸುವುದು ಹೆಂಗಸಿನ ಕೆಲಸ, ಹಿಟ್ಟಿನ ಗಿರಣಿ ಬಂದ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಗಂಡಸು. ಕೃಷ್ಣರಾಜನಗರದ ಭತ್ತದ ಸೀಮೆಯಲ್ಲಿ ಒನಕೆ ಹಿಡಿದು ಕುಟ್ಟಿದವಳು ಹೆಂಗಸು, ರೈಸ್ ಮಿಲ್ಲಿನ ಬೋರ್ಡಿನ ಮೇಲೆ ಹೆಸರು ಗಂಡಸಿನದು. ಚರ್ಮದಲ್ಲೂ ಹಾಗೆಯೇ. ದಬ್ಬಳ, ಮೇಣದ ದಾರ ಹಿಡಿದು ಬೆರಳು ಕೊರೆಸಿಕೊಳ್ಳುವವರೆಗೆ ಅದು ಹೆಂಗಸಿಗೆ ಆಗುವ ಕೆಲಸ. ಮೋಟಾರು ಬಂದು ದುಡಿಮೆ ಹಗುರಾಗಿ ಕಾಸು ಹೆಚ್ಚಾದ ಕೂಡಲೇ ‘ಅದು ಭಾರದ ಕೆಲಸ ಕಣಮ್ಮ’. ಭಾರ ಯಾವುದರಲ್ಲಿದೆ ಎಂದು ನಮಗೂ ಗೊತ್ತು, ಅವರಿಗೂ ಗೊತ್ತು.

ಮೂರನೆಯದು ದುಡ್ಡಿನ ಮಾತು. ಅದಕ್ಕೆ ಮೊದಲು ಮಿಷನ್ನನ್ನು ಆರಿಸುವುದು ಹೇಗೆಂದು ತಿಳಿಯಬೇಕು, ಏಕೆಂದರೆ ಇಲ್ಲಿ ಮೋಸ ಹೋಗುವವರು ಬಹಳ. ಪಿರಿಯಾಪಟ್ಟಣದ ಕಡೆಯ ಒಂದು ಸ್ವಸಹಾಯ ಸಂಘದ ಹೆಂಗಸರು ಶಾಲೆ ಬ್ಯಾಗು ಹೊಲಿದು ಮಾರುತ್ತೇವೆಂದು ಸಾಲವೆತ್ತಿ, ಪೇಟೆಯ ಒಂದು ಅಂಗಡಿಯಿಂದ ಮಿಷನ್ನು ತಂದರು. ಅದರ ಮೇಲೆ ‘ಹೆವಿ ಡ್ಯೂಟಿ’ ಎಂದು ಬರೆದಿತ್ತು. ಅಂಗಡಿಯವನು ಎರಡು ಪದರ ಬಟ್ಟೆ ಇಟ್ಟು ಜರ್ರೆಂದು ಹೊಲಿದು ತೋರಿಸಿದ. ಮನೆಗೆ ತಂದು ನಾಲ್ಕು ಪದರ ರೆಕ್ಸಿನ್ ಇಟ್ಟರೆ ಹೊಲಿಗೆ ತಪ್ಪುತ್ತದೆ, ದಾರ ಕಡಿಯುತ್ತದೆ, ಮೇಲಿನ ಪದರ ಹಿಂದೆ ಉಳಿದು ಕೆಳಗಿನದು ಮುಂದೆ ಓಡುತ್ತದೆ. ಅಂಗಡಿಗೆ ಹೋಗಿ ಕೇಳಿದರೆ ‘ನಿಮಗೆ ಹೊಲಿಯಲು ಬರುವುದಿಲ್ಲ’ ಎಂಬ ಉತ್ತರ. ಮಿಷನ್ನು ಮೂಲೆ ಸೇರಿತು, ಕಂತು ಮಾತ್ರ ವಾರವಾರವೂ ತಪ್ಪಲಿಲ್ಲ. ಆ ಹೆಂಗಸರಿಗೆ ಹೊಲಿಯಲು ಬರುತ್ತಿತ್ತು. ಅವರ ಕೈಗೆ ಕೊಟ್ಟದ್ದು ಗಾರ್ಮೆಂಟ್ಸಿನ ಮಿಷನ್ನು.

ಅಕ್ಕತಂಗಿಯರೇ, ‘ಹೆವಿ ಡ್ಯೂಟಿ’ ಎಂಬುದು ಕಿಲೋ, ಮೀಟರುಗಳ ಹಾಗೆ ಒಂದು ಅಳತೆಯಲ್ಲ. ಯಾರು ಯಾವುದರ ಮೇಲೆ ಬೇಕಾದರೂ ಅಂಟಿಸಬಹುದಾದ ಚೀಟಿ. ವೇಗವೂ ಬಲವಲ್ಲ. ಗಾರ್ಮೆಂಟ್ಸಿನ ಮಿಷನ್ನು ನಿಮಿಷಕ್ಕೆ 4,000ಕ್ಕೂ ಹೆಚ್ಚು ಹೊಲಿಗೆ ಹಾಕಬಲ್ಲದು, ಆದರೂ ದಪ್ಪ ಚರ್ಮದ ಮುಂದೆ ತಿಣುಕುತ್ತದೆ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ: ಇದು ಬಟ್ಟೆಯನ್ನು ಎಳೆಯುವುದು ಹೇಗೆ?

ಮನೆಯ ಮಿಷನ್ನಿನಲ್ಲಿ ಎಳೆಯುವುದು ಕೆಳಗಿನ ಹಲ್ಲು ಮಾತ್ರ. ಮೇಲಿನ ಕಾಲು ಸುಮ್ಮನೆ ಅದುಮಿಕೊಂಡಿರುತ್ತದೆ. ಬಟ್ಟೆ ಜಾರುತ್ತದೆ, ಆದ್ದರಿಂದ ತೊಂದರೆಯಿಲ್ಲ. ಚರ್ಮ, ರೆಕ್ಸಿನ್ ಆ ಕಾಲಿಗೆ ಅಂಟಿಕೊಳ್ಳುತ್ತವೆ. ಕೆಳಗಿನ ಪದರ ಹೊರಡುತ್ತದೆ, ಮೇಲಿನದು ಹೊರಡುವುದಿಲ್ಲ. ಅದಕ್ಕೇ ‘ವಾಕಿಂಗ್ ಫೂಟ್’, ‘ಕಾಂಪೌಂಡ್ ಫೀಡ್’ ಎಂಬ ಏರ್ಪಾಡು. ಇದರಲ್ಲಿ ಕಾಲು ಎರಡು. ಸೂಜಿ ಇಳಿದ ಮೇಲೆ ಸೂಜಿ, ಒಳಗಿನ ಕಾಲು, ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಒಂದು ಹೆಜ್ಜೆ ಇಡುತ್ತವೆ. ಸೂಜಿ ಮೇಲೇಳುವಾಗ ಹೊರಗಿನ ಕಾಲು ವಸ್ತುವನ್ನು ಅದುಮಿ ಹಿಡಿಯುತ್ತದೆ. ಸೂಜಿಯೇ ಪದರಗಳನ್ನೆಲ್ಲ ಪೋಣಿಸಿಕೊಂಡು ನಡೆಯುವುದರಿಂದ ಒಂದು ಹಿಂದೆ, ಒಂದು ಮುಂದೆ ಆಗುವುದಿಲ್ಲ. ಬರಿಯ ‘ವಾಕಿಂಗ್ ಫೂಟ್’ ಎಂಬ ಮಾತನ್ನೂ ನಂಬಬೇಡಿ. ಸೂಜಿಯೂ ನಡೆಯುತ್ತದೆಯೇ ಎಂದು ಚಕ್ರವನ್ನು ಕೈಯಿಂದ ತಿರುಗಿಸಿ ಕಣ್ಣಾರೆ ನೋಡಿ. ಕೆಳಹಲ್ಲಿನ ಮಿಷನ್ನಿಗೇ ಉರುಳೆಯ ಕಾಲನ್ನೋ ಟೆಫ್ಲಾನ್ ಕಾಲನ್ನೋ ಹಾಕಿದರೆ ತೆಳು ಚರ್ಮದ ಪರ್ಸು, ಪೌಚು ಹೊಲಿಯಬಹುದು. ಅಷ್ಟಕ್ಕೇ ಅದು. ದಪ್ಪ ಪಟ್ಟಿಗೆ ಅದನ್ನು ನಂಬಬಾರದು.

ಎರಡನೆಯ ಪ್ರಶ್ನೆ, ಮಿಷನ್ನಿನ ಮೈ ಯಾವ ಬಗೆಯದು? ಚಪ್ಪಟೆ ಹಾಸಿನದು ಸೀಟು, ಬೆಲ್ಟು, ಟಾರ್ಪಾಲು, ಬಿಡಿಸಿ ಹಾಸಿದ ಬ್ಯಾಗಿನ ಭಾಗಗಳಿಗೆ ಸರಿ. ತೋಳಿನ ಹಾಗೆ ಮುಂದೆ ಚಾಚಿದ ಸಿಲಿಂಡರ್ ಮಾದರಿಯದು ಕೂಡಿಸಿದ ಬ್ಯಾಗಿನ ಬಾಯಿಯಂಥ ಸುತ್ತುಹೊಲಿಗೆಗೆ. ಕಂಬದ ಹಾಗೆ ಮೇಲೆದ್ದ ಪೋಸ್ಟ್ ಮಾದರಿಯದು ಬೂಟು, ಚಪ್ಪಲಿಯ ಮೇಲ್ಭಾಗಕ್ಕೆ. ಚಮ್ಮಾರರ ಬಳಿ ಕಾಣುವ ಉದ್ದ ಮೂತಿಯ ಪ್ಯಾಚಿಂಗ್ ಮಿಷನ್ನಿನ ಕಾಲು ಸುತ್ತಲೂ ತಿರುಗುತ್ತದೆ. ರಿಪೇರಿಗೆ ಅದಕ್ಕೆ ಸಾಟಿಯಿಲ್ಲ, ಆದರೆ ಬಾಬಿನ್ನು ಚಿಕ್ಕದು, ಉದ್ದ ಹೊಲಿಗೆಯ ತಯಾರಿಕೆಗೆ ಒಗ್ಗದು. ಎಲ್ಲ ಕೆಲಸಕ್ಕೂ ಒಂದೇ ಮಿಷನ್ನು ಎಂದು ಹೇಳುವವನನ್ನು ನಂಬಬೇಡಿ. ನಮ್ಮ ಊರುಗಳಲ್ಲಿರುವ ಬ್ಯಾಗು, ಸೀಟು, ಟಾರ್ಪಾಲಿನ ಕೆಲಸಕ್ಕೆ ಮೊದಲು ಬೇಕಾದದ್ದು ಚಪ್ಪಟೆ ಹಾಸಿನ ಕಾಂಪೌಂಡ್ ಫೀಡ್ ಮಿಷನ್ನು.

ಮೂರನೆಯದು ಮೋಟಾರು. ಹಳೆಯ ಕ್ಲಚ್ ಮೋಟಾರು ಸ್ವಿಚ್ ಹಾಕಿದಾಗಿನಿಂದ ಗುಂಯ್‌ಗುಡುತ್ತಲೇ ಇರುತ್ತದೆ. ಪೆಡಲು ತುಸು ಒತ್ತಿದರೂ ಒಮ್ಮೆಲೇ ನುಗ್ಗುತ್ತದೆ. ಹೊಸಬರು ಬೆದರುವುದು ಇದಕ್ಕೇ. ಸರ್ವೋ ಮೋಟಾರು ಪೆಡಲು ಒತ್ತಿದಾಗ ಮಾತ್ರ ತಿರುಗುತ್ತದೆ, ವೇಗವನ್ನು ಮೊದಲೇ ತಗ್ಗಿಸಿಡಬಹುದು, ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲೇ ನಡೆಯುವಂಥದೂ ಸಿಗುತ್ತದೆ. ಒಂದೊಂದೇ ಹೊಲಿಗೆಯಾಗಿ ಹಾಕಲು ಬಂದರೆ ಅರ್ಧ ಹೆದರಿಕೆ ಹೋದಂತೆ. ‘ಹೆಂಗಸರಿಗೆ ಆಗದು’ ಎನ್ನುವವರಿಗೆ ಈ ಒಂದು ಮೋಟಾರೇ ಸಾಕಷ್ಟು ಉತ್ತರ.

ಸೂಜಿ, ದಾರಗಳ ಲೆಕ್ಕ ನಾವು ಹೆಂಗಸರು ಕಲಿಯಲೇಬೇಕಾದ ಮಗ್ಗಿ. ಸೂಜಿಯ ನಂಬರು ಏರಿದರೆ ಸೂಜಿ ದಪ್ಪ. ದಾರದ ಟಿಕೆಟ್ ನಂಬರು ಏರಿದರೆ ದಾರ ತೆಳು. ಒಂದಕ್ಕೊಂದು ತಿರುಗುಮುರುಗು. 40 ಟಿಕೆಟಿನ ಬಾಂಡೆಡ್ ನೈಲಾನ್ ದಾರಕ್ಕೆ 18ನೇ ನಂಬರಿನ ಸೂಜಿ, 20 ಟಿಕೆಟಿನ ದಪ್ಪ ದಾರಕ್ಕೆ 22ನೇ ನಂಬರು, ಹೀಗೆ ಜೋಡಿ. ಅಪ್ಪಟ ಚರ್ಮಕ್ಕೆ ಮೊನೆ ಕತ್ತರಿಸುವಂತೆ ಹರಿತ ಮಾಡಿದ ಚರ್ಮದ ಸೂಜಿ ಬೇಕು. ಅದೇ ಸೂಜಿಯನ್ನು ಕ್ಯಾನ್ವಾಸಿಗೋ ಬಟ್ಟೆಯ ಬೆನ್ನಿರುವ ರೆಕ್ಸಿನ್ನಿಗೋ ಹಾಕಿದರೆ ನೂಲೆಳೆಗಳೇ ಕತ್ತರಿಸಿಹೋಗುತ್ತವೆ. ಅಲ್ಲಿಗೆ ದುಂಡು ಮೊನೆಯದು. ಹತ್ತಿಯ ದಾರ ಬೆವರು, ತೇವಕ್ಕೆ ಕೊಳೆಯುವುದರಿಂದ ಬ್ಯಾಗು, ಚಪ್ಪಲಿಗೆ ಬೇಡ. ಚರ್ಮದಲ್ಲಿ ಬಿದ್ದ ತೂತು ಬಟ್ಟೆಯ ತೂತಿನ ಹಾಗೆ ಮುಚ್ಚಿಕೊಳ್ಳುವುದಿಲ್ಲ. ಬಿಚ್ಚಿ ಹೊಲಿಯೋಣ ಎಂಬ ರವಿಕೆಯ ಅಭ್ಯಾಸ ಇಲ್ಲಿ ನಡೆಯದು. ಒತ್ತೊತ್ತಾಗಿ ಹೊಲಿದರೆ ಗಟ್ಟಿಯೆಂಬುದೂ ಸುಳ್ಳು. ಅಂಚೆಚೀಟಿಯ ಅಂಚಿನ ಹಾಗೆ ತೂತಿನ ಸಾಲಾಗಿ ಅಲ್ಲಿಯೇ ಹರಿಯುತ್ತದೆ. ಬ್ಯಾಗಿಗೆ 3ರಿಂದ 4 ಮಿಲಿಮೀಟರಿನ ಹೊಲಿಗೆ ಸಾಕು.

ಇನ್ನು ಜೊತೆಗೆ ಬರಬೇಕಾದ ಬಿಡಿ ಸಾಮಾನು. ಮಿಷನ್ನು ಕೊಟ್ಟು ಇವನ್ನು ಕೊಡದಿದ್ದರೆ ಒಲೆ ಕೊಟ್ಟು ಪಾತ್ರೆ ಕೊಡದ ಹಾಗೆ. ಅಂಚಿನಿಂದ ಒಂದೇ ಅಳತೆಯಲ್ಲಿ ಹೊಲಿಗೆ ಓಡಿಸಲು ಅಂಚಿನ ಗೈಡು, ಜಿಪ್ಪಿನ ಪಕ್ಕ ಹೊಲಿಯಲು ಒಂಟಿ ಬದಿಯ ಕಾಲು, ಪೈಪಿಂಗಿಗೆ ಕೆಳಗೆ ಕಾಲುವೆ ಇರುವ ಕಾಲು, ಅಂಚುಪಟ್ಟಿ ಮಡಚಿ ಕೂಡಿಸಲು ಬೈಂಡಿಂಗ್ ಫೋಲ್ಡರು. ಹೆಚ್ಚಿಗೆ ಬಾಬಿನ್ನು, ಬಾಬಿನ್ ಕೇಸು. ಅಪ್ಪಟ ಚರ್ಮ ಮಡಚಿ ಹೊಲಿಯುವವರಿಗೆ ಅಂಚನ್ನು ತೆಳ್ಳಗೆ ಹೆರೆಯುವ ಸ್ಕೈವಿಂಗ್ ಬೇಕೇ ಬೇಕು. ಮೊದಮೊದಲು ಕೈಬಾಚಿಯಲ್ಲೇ ಹೆರೆಯಬಹುದು. ಅಂಚು ಹೆರೆಯದೆ ನಾಲ್ಕು ಪದರ ಪೇರಿಸಿ ಮಿಷನ್ನನ್ನು ಬೈದು ಪ್ರಯೋಜನವಿಲ್ಲ. ಬೆಲ್ಟಿನ ಮೇಲೆ ಮುಚ್ಚಳ ಇದೆಯೇ ನೋಡಿಕೊಳ್ಳಿ. ಕೂರುವ ಮೊದಲು ಸೆರಗು ಬಿಗಿಯಿರಿ, ಜಡೆ ಕಟ್ಟಿರಿ, ಉದ್ದದ ಸರ ಒಳಗೆ ಸೇರಿಸಿ. ಅಂಟು ಬಳಿಯುವಾಗ ಕಿಟಕಿ ತೆಗೆದಿರಲಿ, ಮಕ್ಕಳು ದೂರವಿರಲಿ.

ಕೊಳ್ಳುವ ದಿನ ಏನು ಮಾಡಬೇಕು? ಅಂಗಡಿಯವನ ಚಿಂದಿಯ ಮೇಲೆ ಹೊಲಿಸಿ ನೋಡಬೇಡಿ. ನೀವು ಹೊಲಿಯಬೇಕೆಂದಿರುವ ವಸ್ತುವಿನ ತುಂಡನ್ನು, ನಿಮ್ಮದೇ ದಾರವನ್ನು ಚೀಲದಲ್ಲಿ ಒಯ್ಯಿರಿ. ಪಟ್ಟಿ ಸೇರುವ ಜಾಗದ ಹಾಗೆ ಅತಿ ದಪ್ಪವಾಗಿ ಪದರ ಪೇರಿಸಿ, ಅತಿ ನಿಧಾನವಾಗಿ ಹೊಲಿಸಿ. ತೆಳು ಜಾಗದಿಂದ ದಪ್ಪಕ್ಕೆ ಹತ್ತುವಾಗ ಹೊಲಿಗೆ ಚಿಕ್ಕದಾಗುತ್ತದೆಯೇ, ಹಿಂದಕ್ಕೆ ಹೊಲಿದಾಗ ಅದೇ ತೂತಿಗೆ ಸೂಜಿ ಇಳಿಯುತ್ತದೆಯೇ, ಕೆಳಗಿನ ದಾರ ಮೇಲಕ್ಕೆ ಇಣುಕುತ್ತದೆಯೇ ನೋಡಿ. ಆಮೇಲೆ ಅಂಗಡಿಯವನನ್ನು ಎಬ್ಬಿಸಿ ನೀವು ಕೂತು ಹೊಲಿಯಿರಿ. ಬಾಬಿನ್ ಕೇಸು, ಸೂಜಿ ಮೈಸೂರಿನಲ್ಲೇ ಸಿಗುತ್ತದೆಯೇ, ರಿಪೇರಿಗೆ ಊರಿಗೆ ಬರುವವರು ಯಾರು, ಇವನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಿ. ಸೀರೆ ಕೊಳ್ಳುವಾಗ ಐವತ್ತು ಸೀರೆ ಕೆಡವಿಸಿ ಸೆರಗು, ಅಂಚು, ಒಡಲು ನೋಡುವ ನಾವು, ಸಾಲದ ದುಡ್ಡಿನ ಮಿಷನ್ನನ್ನು ಮುಚ್ಚಳ ತೆಗೆಸದೆ ತರುವುದೇ?

ಈಗ ದುಡ್ಡಿನ ಮಾತಿಗೆ ಬರೋಣ. ಕಾಂಪೌಂಡ್ ಫೀಡ್ ಮಿಷನ್ನು ರವಿಕೆ ಮಿಷನ್ನಿನ ಹಲವು ಪಟ್ಟು ಬೆಲೆಯದು, ನಿಜ. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚಮ್ಮಾರಿಕೆಯೂ ಇದೆ, ಹೊಲಿಗೆಯೂ ಇದೆ. ಉಪಕರಣಕ್ಕೆಂದು 15,000 ರೂಪಾಯಿಯವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಎಂದು ಅದರ ನಿಯಮ. ಹದಿನೈದು ಸಾವಿರಕ್ಕೆ ಕೈ ಉಪಕರಣ ಬಂದೀತು, ಸಣ್ಣ ಮಿಷನ್ನು ಬಂದೀತು. ಒಳ್ಳೆಯ ಕಾಂಪೌಂಡ್ ಫೀಡ್ ಮಿಷನ್ನು ಬಾರದು. ಅಂದರೆ ಚರ್ಮದ ಕಸುಬಿನವರನ್ನು ಪಟ್ಟಿಗೆ ಸೇರಿಸಿಯೂ ಅವರನ್ನು ದಬ್ಬಳದ ಹತ್ತಿರವೇ ಕೂರಿಸಿದಂತಾಯಿತು. ಸಾಲವಿದೆಯಲ್ಲ ಎನ್ನುತ್ತಾರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಸಿಗುವ ಯೋಜನೆಯಲ್ಲಿ ಆ ಒಬ್ಬರು ಯಾರಾಗುತ್ತಾರೆ ಎಂದು ನಾನು ಬಿಡಿಸಿ ಹೇಳಬೇಕೇ?

ಹಾಗಾದರೆ ದಾರಿ? ಹತ್ತು ಮನೆಗೆ ಹತ್ತು ರವಿಕೆ ಮಿಷನ್ನು ಹಂಚುವ ದುಡ್ಡನ್ನು ಒಟ್ಟುಗೂಡಿಸಿದರೆ ಒಂದು ಸಂಘಕ್ಕೆ ಒಂದು ಗಟ್ಟಿ ಮಿಷನ್ನು ಬರುತ್ತದೆ, ಜೊತೆಗೆ ಅದರ ಕಾಲು, ಗೈಡು, ಸೂಜಿ, ದಾರವೂ ಬರುತ್ತವೆ. ಐದು ಹೆಂಗಸರು ಸರದಿಯಲ್ಲಿ ದುಡಿಯಬಹುದು. ಒಬ್ಬಳು ಕತ್ತರಿಸಲಿ, ಒಬ್ಬಳು ಅಂಚು ಹೆರೆಯಲಿ, ಒಬ್ಬಳು ಅಂಟಿಸಲಿ, ಇಬ್ಬರು ಹೊಲಿಯಲಿ. ಭತ್ತದ ನಾಟಿಗೆ ಮುಯ್ಯಾಳು ಕೂಡಿ ದುಡಿದ ಸೀಮೆ ಇದು. ಕೂಡಿ ದುಡಿಯುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಇದರಲ್ಲಿ ಹಂಚುವವರಿಗೊಂದು ನಷ್ಟವಿದೆ: ಹತ್ತು ಫೋಟೋ ಬರುವ ಕಡೆ ಒಂದೇ ಫೋಟೋ ಬರುತ್ತದೆ. ಆ ನಷ್ಟವನ್ನು ಅವರು ಸಹಿಸಿಕೊಳ್ಳಲಿ.

ರವಿಕೆ ಹೊಲಿಗೆಯನ್ನು ಹೀಗಳೆಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಆ ಮಿಷನ್ನು ತುಳಿದು ಮಕ್ಕಳನ್ನು ಓದಿಸಿದ ತಾಯಂದಿರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಅದು ಬೇಕಾದವರಿಗೆ ಅದೇ ಸಿಗಲಿ. ಬೇರೆ ಕೆಲಸ ಬಯಸುವವಳಿಗೂ ಅದನ್ನೇ ತಲೆಗೆ ಕಟ್ಟಬೇಡಿ ಎಂಬುದಷ್ಟೇ ನನ್ನ ಜಗಳ. ‘ಗಟ್ಟಿ ಮಿಷನ್ನು ಕೊಟ್ಟರೆ ಕೆಲಸ ಬರುತ್ತದೆಂದು ಏನು ಖಾತ್ರಿ?’ ಎಂದು ಕೇಳುವವರಿದ್ದಾರೆ. ಕಾರ್ಖಾನೆಯ ಅಗ್ಗದ ಹೊಸ ಬ್ಯಾಗಿನೊಡನೆ ಪೈಪೋಟಿ ಸುಲಭವಲ್ಲವೆಂದು ನಾನೂ ಒಪ್ಪುತ್ತೇನೆ. ಅದಕ್ಕೇ ಮೊದಲು ರಿಪೇರಿ, ಸೀಟು, ಟಾರ್ಪಾಲು ಎನ್ನುತ್ತಿರುವುದು. ಹರಿದ ಸೀಟನ್ನು ಹೊಲಿಸಲು ಯಾರೂ ಚೀನಾಕ್ಕೆ ಹೋಗುವುದಿಲ್ಲ. ಕೈ ಪಳಗಿದ ಮೇಲೆ ಹೊಸ ಬ್ಯಾಗು. ಹೋಗಲಿ, ಹತ್ತು ಮನೆಗೆ ಹತ್ತು ರವಿಕೆ ಮಿಷನ್ನು ಕೊಡುವಾಗ ಈ ಖಾತ್ರಿಯನ್ನು ಯಾರಾದರೂ ಕೇಳಿದ್ದರೇ?

ಆದ್ದರಿಂದ ಮುಂದಿನ ಸಲ ನಿಮ್ಮ ಸಂಘಕ್ಕೆ ಮಿಷನ್ನು ಕೊಡಿಸುತ್ತೇವೆಂದು ಯಾರಾದರೂ ಬಂದರೆ ಕೈಮುಗಿದು ತೆಗೆದುಕೊಳ್ಳುವ ಮೊದಲು ಕೂರಿಸಿ ಕಾಫಿ ಕೊಟ್ಟು ನಾಲ್ಕು ಮಾತು ಕೇಳಿ. ನಮ್ಮ ಕೆಲಸ ಯಾವುದೆಂದು ನಮ್ಮನ್ನು ಕೇಳಿದಿರಾ? ಈ ಮಿಷನ್ನು ಎಳೆಯುವುದು ಹೇಗೆ? ಇದರ ಕಾಲು, ಗೈಡು, ಸೂಜಿ ಎಲ್ಲಿ? ಇದು ಕೆಟ್ಟರೆ ಬರುವವರು ಯಾರು? ಉತ್ತರ ಬಾರದಿದ್ದರೆ ಸೇವಂತಿಗೆ ಹಾರವನ್ನು ಅವರಿಗೇ ಹಾಕಿ ಕಳಿಸಿ. ಉತ್ತರ ಬಂದರೆ ಚರ್ಮದ ತುಂಡೊಂದನ್ನು ಚೀಲಕ್ಕೆ ಹಾಕಿಕೊಂಡು, ಐದು ಜನ ಒಟ್ಟಾಗಿ ಅಂಗಡಿಗೆ ಹೊರಡಿ.